ಡಂಗುರವೂ ದಾಖಲಾತಿಯೂ

ವಿದ್ಯೆಯನ್ನು ಸಂತೆಯ ಸರಕಿನಂತೆ ಕೂಗಿ ಮಾರಬಾರದೆಂದು ನನಗೆ ಪಾಠ ಹೇಳಿದ ಹಿರಿಯರೊಬ್ಬರು ಆಗಾಗ ಹೇಳುತ್ತಿದ್ದರು. ಆ ಮಾತಿನ ಘನತೆಯನ್ನು ನಾನು ಇಂದಿಗೂ ಒಪ್ಪುತ್ತೇನೆ. ಆದರೆ ಸಾರಿ ಹೇಳುವುದು ಬೇರೆ, ಕೂಗಿ ಮಾರುವುದು ಬೇರೆ. ಈ ಎರಡರ ಅಂತರವನ್ನರಿಯದೆ ನಾನೇ ಒಮ್ಮೆ ಎಡವಿದವನಾದ್ದರಿಂದ, ಆ ಪ್ರಸಂಗವನ್ನು ಮುಂದಿಟ್ಟುಕೊಂಡು ನಾಲ್ಕು ಮಾತು ಹೇಳಬಯಸುತ್ತೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳು ಶಾಲಾ ಶಿಕ್ಷಣ ಇಲಾಖೆಯ ಕಡತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿಕೊಂಡಿವೆ. ನಾಲ್ಕು ಪಟ್ಟಣಗಳಲ್ಲಿಯೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವು ೨೦೦೪ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದವು. ಈ ಸೀಮೆಯ ಒಂದು ಕಾಲೇಜಿನಲ್ಲಿ ನಾನು ಕನ್ನಡ ಅಧ್ಯಾಪಕ. ಪಿ.ಯು. ಫಲಿತಾಂಶ ಬಂತೆಂದರೆ ನಮಗೆ ಒಂದೇ ಚಿಂತೆ: ಈ ಸಲ ಐಚ್ಛಿಕ ಕನ್ನಡಕ್ಕೆ ಎಷ್ಟು ಮಂದಿ? ವಿದ್ಯಾರ್ಥಿಗಳು ಸಾಲದೆಹೋದರೆ ವಿಷಯ ನಿಲ್ಲುತ್ತದೆ. ಒಮ್ಮೆ ನಿಂತ ವಿಷಯ ಮರಳಿ ಬರುವುದು ದುರ್ಲಭ.

ಕೆಲವು ವರ್ಷಗಳ ಹಿಂದೆ, ಫೇಸ್‌ಬುಕ್ಕಿಗೂ ಇನ್‌ಸ್ಟಾಗ್ರಾಂಗೂ ಹಾಕಲು ಕಾಲೇಜಿನ ಪ್ರಕಟಣೆಯೊಂದನ್ನು ಬರೆದುಕೊಡಬೇಕೆಂದು ಸಹೋದ್ಯೋಗಿಗಳು ನನ್ನನ್ನೇ ಹಿಡಿದರು. ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ಪ್ರಲೋಭನೆ ಬೇಕೆ? ಜ್ಞಾನದ ಹೆಬ್ಬಾಗಿಲು, ಭವಿಷ್ಯದ ಬೆಳಕು ಎಂದು ಪ್ರಾಸಕ್ಕೆ ಪ್ರಾಸ ಜೋಡಿಸಿದೆ. ಬೆಟ್ಟದ ಚಿತ್ರ ಹಿಂದೆ, ನಗುವ ವಿದ್ಯಾರ್ಥಿನಿಯರು ಮುಂದೆ. ಮೆಚ್ಚುಗೆಯ ಮಳೆ ಸುರಿಯಿತು. ಮೆಚ್ಚಿದವರಾರು ಎಂದು ಆಮೇಲೆ ನೋಡಿದರೆ, ಹಳೆಯ ವಿದ್ಯಾರ್ಥಿಗಳು, ಬೆಂಗಳೂರಿನ ಗೆಳೆಯರು, ಬೇರೆ ಕಾಲೇಜುಗಳ ಅಧ್ಯಾಪಕರು. ಮಗಳನ್ನು ಕಾಲೇಜಿಗೆ ಕಳುಹಿಸಬೇಕಾದ ತಂದೆಯೊಬ್ಬರೂ ಅಲ್ಲಿರಲಿಲ್ಲ.

ಅಂಥವರು ಬಂದದ್ದು ತಡವಾಗಿ. ಕಡಲೆಕಾಯಿ ಬೆಳೆಯುವ ರೈತರೊಬ್ಬರು ಮಗಳನ್ನು ಕರೆದುಕೊಂಡು ಕಛೇರಿಯ ಮುಂದೆ ನಿಂತಿದ್ದರು. ದಾಖಲಾತಿ ಮುಗಿದಿತ್ತು, ದಂಡಶುಲ್ಕ ಕಟ್ಟಿ ಸೇರುವ ಅವಧಿಯೂ ಕಳೆದಿತ್ತು. ಹುಡುಗಿ ಐಚ್ಛಿಕ ಕನ್ನಡ ಓದಬೇಕೆಂದು ಬಂದವಳು. ನಮ್ಮ ಪ್ರಕಟಣೆಯ ಕೆಳಗೆ, ಕೊನೆಯ ದಿನ ಯಾವುದೆಂದು ಅವಳು ಕೇಳಿಯೂ ಇದ್ದಳು, ಉತ್ತರ ಕೊಟ್ಟವರಿಲ್ಲ. ತಂದೆ ಕೋಪಿಸಿಕೊಳ್ಳಲಿಲ್ಲ. “ನೀವು ಬರ್ದಿದ್ದನ್ನ ನಮ್ಮ ಹುಡುಗಿ ಓದಿ ಹೇಳಿದ್ಲು ಮೇಷ್ಟ್ರೇ, ಭಾಳ ಚೆನ್ನಾಗೈತೆ. ಆದ್ರೆ ಯಾವತ್ತು ಬರ್ಬೇಕು ಅನ್ನೋದೇ ಅದ್ರಾಗೆ ಇರ್ಲಿಲ್ವಲ್ಲ ಸ್ವಾಮಿ” ಎಂದರು. ನಾನು ಏನೂ ಹೇಳಲಾರದೆ ಹೋದೆ. ಮರುವರ್ಷ ಆ ಹುಡುಗಿ ಬರುವಳೇನೋ ಎಂದು ಕಾದೆ, ಬರಲಿಲ್ಲ.

ಹಿಂದೆ ಹಳ್ಳಿಗಳಲ್ಲಿ ಡಂಗುರ ಸಾರುವವನು ಅಲಂಕಾರಗಳನ್ನು ಹೇಳುತ್ತಿರಲಿಲ್ಲ. ಯಾವ ದಿನ, ಯಾವ ಹೊತ್ತು, ಯಾವ ಸ್ಥಳ, ಯಾರು ಬರಬೇಕು—ಇಷ್ಟನ್ನು ಬೀದಿಬೀದಿಗೆ ನಿಂತು ಹೇಳುತ್ತಿದ್ದ. ಕೇಳಿದವರು ಮತ್ತೆ ಪ್ರಶ್ನೆಮಾಡಿದರೆ ಮತ್ತೆ ಹೇಳುತ್ತಿದ್ದ. ಸಾಮಾಜಿಕ ಜಾಲತಾಣವೆಂಬುದು ನಮ್ಮ ಕಾಲದ ಡಂಗುರ. ಅದನ್ನು ನಾವು ಮದುವೆಯ ಓಲಗದಂತೆ ಬಳಸುತ್ತಿರುವುದೇ ತಪ್ಪು ಎಂದು ನನ್ನ ಅಭಿಪ್ರಾಯ.

ನಮ್ಮ ಸೀಮೆಯ ಸ್ಥಿತಿಯನ್ನು ನೋಡಿ ನಡೆಯಬೇಕು. ಇನ್‌ಸ್ಟಾಗ್ರಾಂ ನೋಡುವವರು ಮಕ್ಕಳು. ಕಾಲೇಜನ್ನು ನಿಶ್ಚಯಿಸುವವರು ಹೆತ್ತವರು. ಅವರಿಗೆ ತಲಪುವುದು ವಾಟ್ಸ್ಯಾಪು. ಅದರಲ್ಲಿಯೂ ಓದುವ ಬರಹಕ್ಕಿಂತ ಕೇಳುವ ಧ್ವನಿ. ಬಹುಪಾಲು ಆಂಧ್ರದ ಸೀಮೆಯಿಂದ ಸುತ್ತುವರಿದ ಪಾವಗಡದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಅಲ್ಲಿಯ ವಿದ್ಯಾರ್ಥಿನಿಯೊಬ್ಬಳು ಎರಡೂ ನುಡಿಗಳಲ್ಲಿ ಎರಡು ನಿಮಿಷ ಮಾತನಾಡಿ ಕಳುಹಿಸಿದರೆ, ನನ್ನ ಪ್ರಾಸಗಳಿಗಿಂತ ಹೆಚ್ಚು ಕೆಲಸವಾದೀತು. ಯಾವ ವಿಷಯಗಳಿವೆ, ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ–ಆದಾಯದ ಪತ್ರಗಳಲ್ಲಿ ಯಾವುವು ಬೇಕು, ವಿದ್ಯಾರ್ಥಿನಿಲಯವುಂಟೆ, ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಆಕೆ ಹೇಳಲಿ. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಜಾರಿಗೆ ಬಂದಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣದರವಿಲ್ಲ. ಹಳ್ಳಿಯಿಂದ ಕಾಲೇಜಿಗೆ ಬರಲು ಇದೂ ಒಂದು ಅನುಕೂಲವೆಂದು ಪ್ರಕಟಣೆ ಹೇಳಬೇಡವೆ? ೨೦೨೧ರಿಂದ ದಾಖಲಾತಿಗೆ ಏಕೀಕೃತ ಜಾಲತಾಣವೊಂದು ಬಂದಿದೆ. ಅದರಲ್ಲಿ ಅರ್ಜಿ ತುಂಬುವ ಬಗೆಯನ್ನು ತೋರಿಸುವ ಕಿರುಚಿತ್ರವೊಂದು, ನಗುಮುಖದ ಹತ್ತು ಚಿತ್ರಗಳಿಗಿಂತ ಮೇಲು.

ಎಲ್ಲಕ್ಕಿಂತ ಮುಖ್ಯವಾದದ್ದು ಉತ್ತರ. ಕೇಳಿದ ಪ್ರಶ್ನೆಗೆ ಆ ದಿನವೇ ಉತ್ತರಿಸುವ ಹೊಣೆಯನ್ನು ಒಬ್ಬ ಅಧ್ಯಾಪಕರಿಗೆ ವಹಿಸದೆ ಪ್ರಕಟಣೆ ಹೊರಡಿಸುವುದು, ಅತಿಥಿಯನ್ನು ಕರೆದು ಬಾಗಿಲು ಹಾಕಿಕೊಂಡಂತೆ.

ತುಮಕೂರು, ಬೆಂಗಳೂರುಗಳ ಖಾಸಗಿ ಸಂಸ್ಥೆಗಳು ಹಣ ಸುರಿದು ಥಳಕಿನ ಜಾಹೀರಾತು ಹಾಕುವಾಗ ಇಷ್ಟು ಸಪ್ಪೆಯಾದರೆ ನಡೆಯುವುದೆ ಎಂದು ಗೆಳೆಯರು ಕೇಳುತ್ತಾರೆ. ಆ ಪಂದ್ಯದಲ್ಲಿ ನಾವು ಗೆಲ್ಲಲಾರೆವು, ಗೆಲ್ಲಬೇಕಾಗಿಯೂ ಇಲ್ಲ. ತರಬೇತಿ ಕೇಂದ್ರಗಳು ನೂರಕ್ಕೆ ನೂರು ಆಯ್ಕೆಯೆಂಬಂಥ ಸುಳ್ಳು ಭರವಸೆ ಕೊಡಬಾರದೆಂದೂ, ಗೆದ್ದವರ ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಬಳಸಬಾರದೆಂದೂ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೪ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದು ತರಬೇತಿ ಕೇಂದ್ರಗಳಿಗೆ ಹೇಳಿದ್ದಾದರೂ ಅದರ ನ್ಯಾಯ ನಮಗೂ ಸಲ್ಲುತ್ತದೆ. ಐಚ್ಛಿಕ ಕನ್ನಡ ಓದಿದವರಿಗೆ ಉದ್ಯೋಗ ಖಚಿತವೆಂದು ನಾನು ಬರೆಯಲಾರೆ. ಬಿ.ಎಡ್. ಮಾಡಿ ಅಧ್ಯಾಪಕರಾಗುವ ದಾರಿಯುಂಟು, ಕೇಂದ್ರ ಲೋಕಸೇವಾ ಆಯೋಗದ ಮುಖ್ಯಪರೀಕ್ಷೆಗೆ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಆರಿಸಿಕೊಳ್ಳಬಹುದು ಎಂದು ಬರೆಯಬಲ್ಲೆ. ಅಷ್ಟು ನಿಜ, ಅಷ್ಟೇ ಸಾಕು. ಸುಳ್ಳು ಹೇಳಿ ಕರೆತಂದ ವಿದ್ಯಾರ್ಥಿ ಮೂರು ವರ್ಷ ನಮ್ಮೆದುರಿಗೇ ಕುಳಿತಿರುತ್ತಾನೆಂಬುದನ್ನು ಮರೆಯಬಾರದು.

ಹುಡುಗಿಯರ ಚಿತ್ರಗಳ ವಿಷಯದಲ್ಲಿಯೂ ಎಚ್ಚರ ಬೇಕು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ೧೮ ವರ್ಷ ತುಂಬದವರ ಬಗ್ಗೆ ಪೋಷಕರ ಸಮ್ಮತಿಯನ್ನು ಕೇಳುತ್ತದೆ. ಕಾಯಿದೆ ಇಲ್ಲದಿದ್ದರೂ, ಒಂದು ಚಿತ್ರದ ದೆಸೆಯಿಂದ ಓದು ನಿಂತೀತೆಂದು ಅಂಜುವ ಹುಡುಗಿಯ ಕಷ್ಟವನ್ನು ಅಧ್ಯಾಪಕನಾದವನು ಅರಿಯಬೇಕು.

ಕೊನೆಗೊಂದು ಸೂಚನೆ. ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಕಾಲೇಜುಗಳು ಒಬ್ಬರ ವಿದ್ಯಾರ್ಥಿಯನ್ನು ಮತ್ತೊಬ್ಬರು ಸೆಳೆಯುವ ಬದಲು ಕೂಡಿ ಒಂದೇ ಪ್ರಕಟಣೆ ಹೊರಡಿಸಬಾರದೇಕೆ? ಯಾವ ಊರಿನಲ್ಲಿ ಯಾವ ವಿಷಯ, ಎಂದು ಕೊನೆಯ ದಿನ, ಯಾರನ್ನು ಕೇಳಬೇಕು—ಒಂದು ಪುಟ ಸಾಕು. ಪ್ರತಿ ಪಿ.ಯು. ಕಾಲೇಜಿನ ಅಧ್ಯಾಪಕರ ಮೂಲಕ, ಫಲಿತಾಂಶದ ದಿನವೇ, ಅದು ಮನೆಮನೆಗೆ ಹೋಗಲಿ. ನನ್ನ ಕಾಲೇಜಿಗೆ ಬರದಿದ್ದರೂ ಚಿಂತೆಯಿಲ್ಲ; ಕನ್ನಡ ಓದಬೇಕೆಂದು ಹೊರಟ ಹುಡುಗಿ ದಿನ ತಿಳಿಯದೆ ಹಿಂದಿರುಗುವಂತಾಗಬಾರದು.