ನೊರಿ ತಗದ್ರ ಸಾಲಂಗಿಲ್ಲ, ಚೀಲಾನೂ ತೊಳೀಬೇಕು

ಬ್ಯಾಳಿ ಕುದಿಯೋವಾಗ ಮ್ಯಾಲೆ ಬರೋ ನೊರಿ ಸೌಟಿಲೆ ತಗದು ಚೆಲ್ತೀವಲ್ಲಾ, ನಮ್ಮನಿ ಮೀನಿನ ತೊಟ್ಟಿಯೊಳಗ ಅದೇ ಕೆಲಸಕ್ಕ ಒಂದು ಮಷಿನ್ ಅದ. ಪ್ರೋಟೀನ್ ಸ್ಕಿಮ್ಮರ್ ಅಂತ. ಉಪ್ಪುನೀರಿನೊಳಗ ಸಣ್ಣ ಸಣ್ಣ ಗುಳ್ಳಿ ಎಬ್ಬಸ್ತದ, ನೀರಾಗ ಕರಗಿದ ಜಿಡ್ಡು ಆ ಗುಳ್ಳಿಗೆ ಅಂಟಿ ಮ್ಯಾಲೆ ಬಂದು ಬಟ್ಟಲದಾಗ ಬೀಳ್ತದ. ನೋಡ್ಲಿಕ್ಕೆ ಕರೀ ಚಹಾ, ವಾಸನಿಗೆ ಮೂಗು ಮುಚ್ಕೋಬೇಕು!

ಹ್ಯೂಸ್ಟನ್‌ಗೆ ಬಂದ ಮ್ಯಾಲೆ ನಮ್ಮನಿಯವರಿಗೆ ಹವಳ ಸಾಕೋ ಹುಚ್ಚು ಹತ್ತೇದ. 75 ಗ್ಯಾಲನ್ ತೊಟ್ಟಿ. ಕೆಳಗ ಸ್ಕಿಮ್ಮರ್ ಜೋಡಿ ಒಂದು ಸೋಸೋ ಚೀಲಾನೂ ಅದ. ಮೀನಿನ ಹೊಲಸು, ತಿಂದು ಉಳಿದಿದ್ದು ಅದರಾಗ ಸಿಕ್ಕೊಳ್ತದ.

ಕಳದ ವರ್ಷ ಹವಳ ಮುದುಡಿಕೊಳ್ಳಿಕ್ಕೆ ಹತ್ತಿದ್ವು. ನೀರು ಪರೀಕ್ಷಾ ಮಾಡಿದ್ರ ನೈಟ್ರೇಟ್ 40 ಪಿಪಿಎಂ ದಾಟಿತ್ತು. 'ಸ್ಕಿಮ್ಮರ್ ಸಣ್ಣದಾತು, ದೊಡ್ಡದು ತರೋಣು' ಅಂದ್ರು ಇವರು. ನಾ ಬಗ್ಗಿ ನೋಡಿದೆ. ಚೀಲ ತೊಳದು ಹದಿನೈದು ದಿನಾ ಆಗಿತ್ತು!

ಸಿಂಕಿನ ಜಾಳಿಯೊಳಗ ಸಿಕ್ಕ ಅನ್ನ ತಗೀದ ಮ್ಯಾಲಿಂದ ನೀರು ಬಿಡ್ತಾನೇ ಇದ್ರ ಏನಾಗ್ತದ ಹೇಳ್ರಿ? ಕೊಳೀತದ. ಇದೂ ಹಂಗ. ಚೀಲ ಹೊಲಸು ಹಿಡೀತದ ಅಷ್ಟ, ಹೊರಗ ಹಾಕಂಗಿಲ್ಲ. ಅಲ್ಲೇ ಕೊಳತು ಅಮೋನಿಯಾ ಆಗಿ ಕಡೀಕ ನೈಟ್ರೇಟ್ ಆಗ್ತದ. ಒಮ್ಮೆ ನೈಟ್ರೇಟ್ ಆತಂದ್ರ ಸ್ಕಿಮ್ಮರ್‌ಗೆ ಅದನ್ನ ತಗೀಲಿಕ್ಕೆ ಬರಂಗಿಲ್ಲ, ಎಷ್ಟ ದೊಡ್ಡದಿರಲಿ.

ಚೀಲ ತೊಳದು, ನೀರು ಬದಲಿ ಮಾಡ್ಕೋತ ಹೋದ್ವಿ, ಇಳೀತು. ಆದ್ರ ಇವರಿಗೆ ಹುರುಪು ಜಾಸ್ತಿ ಆಗಿ ದಿನಾ ಹೊಸಾ ಚೀಲ, ಸ್ಕಿಮ್ಮರ್ ಪೂರಾ ಜೋರು. ನೈಟ್ರೇಟ್ ಸೊನ್ನೆ! ಹವಳ ಬಿಳಚಿಕೊಂಡ್ವು. ಅವುಗಳ ಮೈಯೊಳಗಿರೋ ಪಾಚಿಗೂ ಒಂದೀಟು ಊಟ ಬೇಕಲ್ಲಾ? ಅಷ್ಟು ಛಂದಿದ್ದ ಹಸಿರು ಹ್ಯಾಮರ್ ಹವಳ ಹೋಗೇ ಬಿಡ್ತು. ಮಗಳು ಎರಡು ದಿನಾ ಮಾತಾಡ್ಲಿಲ್ಲ.

ಅದಕ್ಕ ನಂದು ಇಷ್ಟ ಮಾತು. ಎರಡೂ ಬೇಕು, ಎರಡೂ ಹದಾ ಇರಬೇಕು. ಎರಡು-ಮೂರು ದಿನಕ್ಕೊಮ್ಮೆ ಚೀಲ ತೊಳೀರಿ, ಸಾಬೂನು ಮಾತ್ರ ಹಚ್ಚಬ್ಯಾಡ್ರಿ. ಸ್ಕಿಮ್ಮರ್ ಬಟ್ಟಲದ ಕೊರಳಿಗೆ ಜಿಡ್ಡು ಕೂತ್ರ ನೊರಿ ಏರಂಗಿಲ್ಲ, ಅದನ್ನೂ ಒರಸ್ರಿ. ನೈಟ್ರೇಟ್ 5ರಿಂದ 10ರೊಳಗ ಇದ್ರ ಸಾಕು, ಸೊನ್ನೆಗೆ ಆಶಾ ಪಡಬ್ಯಾಡ್ರಿ.

ಗಂಡಸೂರಿಗೆ ಮಷಿನ್ ತರೋದಂದ್ರ ದೊಡ್ಡ ಕೆಲಸ, ತೊಳಿಯೋದಂದ್ರ ಸಣ್ಣ ಕೆಲಸ. ಆ ಹವಳ ಹೋಗಿದ್ದು ಹದಾ ತಪ್ಪಿದ್ದಕ್ಕ, ಮಷಿನ್ ಸಣ್ಣದಾಗಿದ್ದಕ್ಕ ಅಲ್ಲ. ಈಗ ಬುಧವಾರ, ಶನಿವಾರ ಚೀಲ ಇವರೇ ತೊಳೀತಾರ. ನಾ ಕ್ಯಾಲೆಂಡರ್ ಮ್ಯಾಲೆ ಗುರ್ತು ಹಾಕ್ತೀನಿ. ಏನಂತೀರಿ?