ಮಾತಿಗೂ ಒಂದು ಬಾಗಿಲು

ಮಾತು ಮನುಷ್ಯನಿಗೆ ಭೂಷಣವೆಂಬುದು ನಿಜ. ಆದರೆ ಮಾತನಾಡುವ ಸ್ವಾತಂತ್ರ್ಯದಷ್ಟೇ ‘ಈಗ ಮಾತು ಬೇಡ’ ಎನ್ನುವ ಸ್ವಾತಂತ್ರ್ಯವೂ ದೊಡ್ಡದೆಂಬುದನ್ನು ನಾವು ವಿದ್ಯಾರ್ಥಿಗಳು ಮರೆಯುತ್ತಿದ್ದೇವೆ. ನಮ್ಮ ಮಾದನಹಿಪ್ಪರಗಾದ ಕಡೆ ಬಂದವರು ಹೊಸ್ತಿಲಾಚೆ ನಿಂತು “ಯಾರದಾರ್ರೀ ಮನ್ಯಾಗ?” ಎಂದು ಕೂಗಿ, “ಬರ್ರಿ” ಎಂದ ಮೇಲೆಯೇ ಒಳಗೆ ಕಾಲಿಡುವರು. ಈ ಮರ್ಯಾದೆಯನ್ನು ಗಣಕಯಂತ್ರವೂ ಬಲ್ಲದು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ರಚಿಸಿದ ಯೂನಿಕ್ಸ್, ಒಂದೇ ಯಂತ್ರದಲ್ಲಿ ಹಲವರು ಏಕಕಾಲಕ್ಕೆ ದುಡಿಯುವ ಏರ್ಪಾಡು. 1971ರ ಅದರ ಮೊದಲ ಕೈಪಿಡಿಯಲ್ಲಿಯೇ ‘ರೈಟ್’ ಮತ್ತು ‘ಮೆಸ್ಗ್’ ಎಂಬ ಎರಡು ಆಜ್ಞೆಗಳಿವೆ. ಮೊದಲನೆಯದು ನಮ್ಮ ಮಾತನ್ನು ಇನ್ನೊಬ್ಬರ ಟರ್ಮಿನಲ್ಲಿಗೆ ಕಳುಹುವುದು. ಎರಡನೆಯದು ಅಂಥ ಮಾತು ಬಾರದಂತೆ ತಡೆಯುವುದು. ಬಾಗಿಲನ್ನೂ ಅಗುಳಿಯನ್ನೂ ಕೂಡಿಯೇ ಮಾಡಿದ ಆ ಬಡಗಿಗಳ ವಿವೇಕ ಮೆಚ್ಚತಕ್ಕದ್ದು. ಇಬ್ಬರ ಮಾತು ಬೆರೆತುಹೋಗದಂತೆ, ತನ್ನ ಸರದಿ ಮುಗಿದಾಗ ಇಂಗ್ಲಿಷಿನ ‘ಓ’ ಅಕ್ಷರವನ್ನು ಒಮ್ಮೆಯೂ, ಸಂಭಾಷಣೆಯೇ ಮುಗಿದಾಗ ಎರಡು ಬಾರಿಯೂ ಬರೆಯುವ ಪದ್ಧತಿ ಬೆಳೆಯಿತು.

1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸಿನೊಡನೆ ‘ಟಾಕ್’ ಬಂದಿತು. ಕರೆದವರ ಹೆಸರು ಪರದೆಯ ಮೇಲೆ ಮೂಡುವುದು; ಕರೆಸಿಕೊಂಡವರು ಮರಳಿ ಕರೆದರೆ ಮಾತ್ರ ಪರದೆ ಎರಡಾಗಿ ಸಂಭಾಷಣೆ ಆರಂಭ. ಒತ್ತಿದ ಒಂದೊಂದು ಅಕ್ಷರವೂ, ಅಳಿಸಿದ್ದೂ ಎದುರಿನವರಿಗೆ ಕೂಡಲೇ ಕಾಣುವುದು. ಮನಸ್ಸಿಟ್ಟು ಆಡದೆ ಗತ್ಯಂತರವಿಲ್ಲ.

ಹಳೆಯದೆಲ್ಲವೂ ಚಿನ್ನವೆಂದು ನನ್ನ ವಾದವಲ್ಲ. ಯಂತ್ರದ ಮೇಲಧಿಕಾರಿಗೆ ಆ ಅಗುಳಿ ಅಡ್ಡಿಯಾಗುತ್ತಿರಲಿಲ್ಲ. ಆ ಆರಂಭದ ಯಂತ್ರಗಳಲ್ಲಿ ಕನ್ನಡ ಅಕ್ಷರಕ್ಕೆ ಎಡೆಯೂ ಇರಲಿಲ್ಲ. 1991ರಲ್ಲಿ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. 1992ರಲ್ಲಿ ಅದೇ ಥಾಂಪ್ಸನ್, ರಾಬ್ ಪೈಕ್ ಅವರೊಡನೆ ಯುಟಿಎಫ್-8 ಎಂಬ ಸಂಕೇತಕ್ರಮವನ್ನು ರೂಪಿಸಿದರು. ಇಂದು ಫೋನಿನಲ್ಲಿ ಕನ್ನಡ ಓಡಾಡುವುದು ಇಂಥ ದುಡಿಮೆಯ ಫಲ.

ಅಕ್ಷರವೇನೋ ದೊರೆಯಿತು, ಮರ್ಯಾದೆ ಹೋಯಿತು. ಪರೀಕ್ಷೆಯ ಹಿಂದಿನ ರಾತ್ರಿಯೂ ಫೋನು ಗುಣುಗುಟ್ಟುವುದು ನಿಲ್ಲದು. ಓದಿದ ಗುರುತು ಕಂಡೊಡನೆ “ಉತ್ತರವೇಕಿಲ್ಲ?” ಎಂಬ ಮುನಿಸು. ತಡೆಯುವ ಉಪಾಯ ಫೋನಿನಲ್ಲಿಯೂ ಉಂಟು. ಸ್ನೇಹ ಕೆಟ್ಟೀತೆಂದು ಬಳಸಲು ಅಂಜುತ್ತೇವೆ. ಆದುದರಿಂದ ಕೊರತೆ ಯಂತ್ರದಲ್ಲಿಲ್ಲ, ನಮ್ಮ ನಡತೆಯಲ್ಲಿದೆ.

ಗೆಳೆಯರೇ, ಕರೆಯುವ ಮುನ್ನ ಬಿಡುವಿದೆಯೇ ಎಂದು ಕೇಳೋಣ. ಮೌನವನ್ನು ಅವಮಾನವೆಂದು ಎಣಿಸದಿರೋಣ. ರಾತ್ರಿ ಹತ್ತರ ಮೇಲೆ ಸೂಚನೆ ಕಳುಹುವ ಪೂಜ್ಯ ಅಧ್ಯಾಪಕರಲ್ಲಿಯೂ ಇದೇ ವಿನಂತಿ. ಮುಚ್ಚಲು ಬರುವ ಬಾಗಿಲಿದ್ದರೆ ತಾನೇ ತೆರೆದುದಕ್ಕೆ ಬೆಲೆ!