ಅಳತೆಗೆ ಅಂಜದ ಪರಂಪರೆ: ಚಪ್ಪಟೆ ಭೂಮಿಯ ವಾದಕ್ಕೊಂದು ಪ್ರತಿವಾದ

ಹಲಸೂರು ಕೆರೆಯ ದಂಡೆಯಲ್ಲಿ ಹಿರಿಯ ಸ್ವಾಧ್ಯಾಯಿಗಳೊಬ್ಬರು ಈಚೆಗೆ ನನ್ನೊಡನೆ ವಾದಕ್ಕಿಳಿದರು. “ನೀರು ಎಲ್ಲಾದರೂ ಬಾಗುವುದುಂಟೆ? ಈ ಕೆರೆಯನ್ನೇ ನೋಡಿ” ಎಂಬುದು ಅವರ ಮೊದಲ ಮಾತು. ಭೂಮಿ ಅಷ್ಟು ವೇಗವಾಗಿ ತಿರುಗುತ್ತಿದ್ದರೆ ಸದಾ ಬಿರುಗಾಳಿ ಏಳಬೇಕಿತ್ತು ಎಂಬುದು ಎರಡನೆಯದು. ಎಚ್‌ಎಎಲ್ ವಿಮಾನ ನಿಲ್ದಾಣದ ಮೇಲೆ ನಿಂತಲ್ಲೇ ನಿಂತ ಹೆಲಿಕಾಪ್ಟರಿನ ಕೆಳಗೆ ಇಂದಿರಾನಗರ ತಾನಾಗಿಯೇ ಬಂದು ಸೇರಬೇಕಿತ್ತು ಎಂಬುದು ಮೂರನೆಯದು. ಆದ್ದರಿಂದ ಭೂಮಿ ಚಪ್ಪಟೆ, ನಿಶ್ಚಲ. ‘ತ್ರಿಲೋಕಸಾರ’ದ ಜಂಬೂದ್ವೀಪ ಅಕ್ಷರಶಃ ಭೌತಿಕ ಸತ್ಯ ಎಂಬುದು ಅವರ ತೀರ್ಮಾನ.

ಅವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ, ವಾದವನ್ನಲ್ಲ. ಇಂತಹ ವಾದದಿಂದ ಖಗೋಳಶಾಸ್ತ್ರಕ್ಕೆ ಯಾವ ಹಾನಿಯೂ ಇಲ್ಲ. ಹಾನಿಯಾಗುವುದು ನಮ್ಮ ಗ್ರಂಥಗಳಿಗೆ. ಆದಕಾರಣ ಈ ಬರಹ.

ಮೊದಲು ನೀರಿನ ಮಾತು. ಒಂದು ಕಿಲೋಮೀಟರು ಉದ್ದದ ನೀರಿನ ಹರವಿನಲ್ಲಿ ಭೂಮಿಯ ಬಾಗಿನಿಂದ ನಡುವೆ ಉಂಟಾಗುವ ಉಬ್ಬು ಸುಮಾರು 2 ಸೆಂಟಿಮೀಟರು ಮಾತ್ರ. ದಂಡೆಯ ಮೇಲೆ ನಿಂತ ಕಣ್ಣಿಗೆ ಅದು ಕಾಣಬೇಕೆಂದು ಹಟ ಹಿಡಿಯುವುದು ಹೇಗೆ? ಮಹಾವೃತ್ತದ ಚಿಕ್ಕ ಭಾಗ ನೇರವಾಗಿಯೇ ತೋರುತ್ತದೆ ಎಂಬ ಸಮಾಧಾನವನ್ನು ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿಯೇ ಹೇಳಿದ್ದಾರೆ. ಅಲ್ಲಿಯೇ ಅವರು ಜೈನರ ಎರಡು ಸೂರ್ಯರ ಕಲ್ಪನೆಯನ್ನೂ ಖಂಡಿಸಿದ್ದಾರೆ. ಅಂದರೆ ಈ ಚರ್ಚೆ ಪಶ್ಚಿಮದಿಂದ ಬಂದದ್ದಲ್ಲ. ನಮ್ಮ ನೆಲದ ಶಾಸ್ತ್ರಕಾರರೊಳಗೇ ನಡೆದದ್ದು.

ಗಾಳಿ ಮತ್ತು ಹೆಲಿಕಾಪ್ಟರಿನ ಆಕ್ಷೇಪಗಳಂತೂ ಸಾವಿರದೈನೂರು ವರ್ಷ ಹಳೆಯವು. ಭೂಮಿ ತಿರುಗುತ್ತದೆ ಎಂದು ಆರ್ಯಭಟರು ಹೇಳಿದಾಗ, ಹಾಗಿದ್ದರೆ ಆಕಾಶಕ್ಕೆ ಹಾರಿದ ಹಕ್ಕಿ ತನ್ನ ಗೂಡಿಗೆ ಮರಳುವುದೆಂತು ಎಂದು ವರಾಹಮಿಹಿರರು ಕೇಳಿದರು. ಅಂದಿನ ಹಕ್ಕಿಯೇ ಇಂದಿನ ಹೆಲಿಕಾಪ್ಟರು. ಆದರೆ ಒಂದು ಅಂಶವನ್ನು ಮರೆಯಬಾರದು: ವರಾಹಮಿಹಿರರು ಅಲ್ಲಗಳೆದದ್ದು ಭೂಮಿಯ ಚಲನೆಯನ್ನು, ಅದರ ಗೋಲತ್ವವನ್ನಲ್ಲ. ಅವರ ಆಕ್ಷೇಪವನ್ನು ಎತ್ತಿಕೊಂಡು ಚಪ್ಪಟೆ ಭೂಮಿಗೆ ಸಾಕ್ಷಿ ಹೇಳಿಸುವುದು ನ್ಯಾಯವಲ್ಲ.

ಉತ್ತರವೂ ಸರಳ. ದಂಡು ರೈಲು ನಿಲ್ದಾಣದಿಂದ ಕೃಷ್ಣರಾಜಪುರದ ಕಡೆಗೆ ಒಂದೇ ವೇಗದಲ್ಲಿ ಸಾಗುವ ಗಾಡಿಯೊಳಗೆ ನಾಣ್ಯವನ್ನು ಮೇಲಕ್ಕೆ ಚಿಮ್ಮಿದರೆ ಅದು ಹಿಂದಿನ ಸೀಟಿಗೆ ಹೋಗಿ ಬೀಳುವುದಿಲ್ಲ, ಕೈಗೇ ಬರುತ್ತದೆ. ಗಾಡಿಯ ವೇಗ ನಾಣ್ಯಕ್ಕೂ ಒಳಗಿನ ಗಾಳಿಗೂ ಮೊದಲೇ ಇದೆ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಪೂರ್ವಕ್ಕೆ ಗಂಟೆಗೆ ಸುಮಾರು 1,630 ಕಿಲೋಮೀಟರು ಸಾಗುತ್ತದೆ. ಅದರೊಂದಿಗೆ ವಾಯುಮಂಡಲವೂ ಸಾಗುತ್ತದೆ.

ವಾಸ್ತವದಲ್ಲಿ ಗಾಳಿಯೇ ಈ ವಾದಕ್ಕೆ ಪ್ರಬಲ ಪ್ರತಿಸಾಕ್ಷಿ. ನಮಗೆ ಮಳೆ ತರುವ ಮಾರುತ ‘ನೈಋತ್ಯ’ ಏಕೆ? ದಕ್ಷಿಣಾರ್ಧ ಗೋಳದಲ್ಲಿ ಆಗ್ನೇಯದಿಂದ ಬೀಸುವ ಗಾಳಿ ಭೂಮಧ್ಯರೇಖೆಯನ್ನು ದಾಟಿದೊಡನೆ ಬಲಕ್ಕೆ ಬಾಗಿ ನೈಋತ್ಯದಿಂದ ನಮ್ಮತ್ತ ಬರುತ್ತದೆ. ರೇಖೆಯ ದಕ್ಷಿಣಕ್ಕೆ ಎಡಕ್ಕೆ ಬಾಗುವುದು, ಉತ್ತರಕ್ಕೆ ಬಲಕ್ಕೆ ಬಾಗುವುದು ತಿರುಗುವ ಗೋಳದ ಲಕ್ಷಣ. ಬಂಗಾಳ ಕೊಲ್ಲಿಯ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ, ಮಡಗಾಸ್ಕರಿನದು ಮುಳ್ಳಿನಂತೆಯೇ ಸುತ್ತುತ್ತದೆ. ನಿಶ್ಚಲ ಫಲಕದ ಮೇಲೆ ಇಂತಹ ಬಾಗು ಹುಟ್ಟದು. ತಿರುಗುವ ಫಲಕದ ಮೇಲೆ ಅದು ಎಲ್ಲೆಡೆ ಒಂದೇ ಕಡೆಗೆ ಇರಬೇಕಿತ್ತು. ಧ್ರುವನಕ್ಷತ್ರವೂ ಇದನ್ನೇ ಹೇಳುತ್ತದೆ: ಬೆಂಗಳೂರಿನಲ್ಲಿ ಅದು ದಿಗಂತದಿಂದ ಸುಮಾರು 13 ಅಂಶ ಎತ್ತರದಲ್ಲಿದ್ದರೆ ದೆಹಲಿಯಲ್ಲಿ ಸುಮಾರು 28.6 ಅಂಶ, ಭೂಮಧ್ಯರೇಖೆಯಲ್ಲಿ ದಿಗಂತಕ್ಕೇ ಇಳಿದಿರುತ್ತದೆ.

ಈ ಬಾಗನ್ನು ಅಳೆದ ಕಥೆಗೂ ನಮ್ಮ ಊರಿಗೂ ಸಂಬಂಧವಿದೆ. ಶ್ರೀರಂಗಪಟ್ಟಣ ಪತನವಾದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದನು. 1802ರಲ್ಲಿ ಮದರಾಸಿನಲ್ಲಿ ಇನ್ನೊಂದು ರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಸಾಲನ್ನು ಪಶ್ಚಿಮಕ್ಕೆ ಹೆಣೆದು ಬಂದನು. 1804ರಲ್ಲಿ ಬೆಂಗಳೂರಿನ ರೇಖೆಯ ಉದ್ದವನ್ನು ಒಮ್ಮೆ ಗಣಿತದಿಂದ, ಒಮ್ಮೆ ಸರಪಳಿಯಿಂದ ಕಂಡುಕೊಂಡಾಗ ಎರಡರ ನಡುವಣ ಅಂತರ ನಾಲ್ಕು ಅಂಗುಲಕ್ಕೂ ಕಡಿಮೆ. ಭೂಮಿಯ ಬಾಗನ್ನು ಲೆಕ್ಕಕ್ಕೆ ಹಿಡಿದೇ ಈ ಗಣಿತ ನಡೆದಿತ್ತು. ಗೋಳದ ಮೇಲಿನ ತ್ರಿಕೋನದ ಮೂರು ಕೋನಗಳ ಮೊತ್ತ 180 ಅಂಶಕ್ಕಿಂತ ಹೆಚ್ಚು. ಭೂಮಿಯ ಮೇಲೆ ಸುಮಾರು 197 ಚದರ ಕಿಲೋಮೀಟರಿಗೆ ಒಂದು ವಿಕಲೆಯಷ್ಟು, ಎಂದರೆ ಅಂಶದ 3,600ನೆಯ ಒಂದು ಭಾಗದಷ್ಟು, ಈ ಹೆಚ್ಚಳವಿರುತ್ತದೆ. ಭೂಮಿ ಫಲಕವಾಗಿದ್ದರೆ ಮೋಜಣಿದಾರರು ಲೆಕ್ಕದಲ್ಲಿ ಕಳೆಯಬೇಕಾದ ಇಂತಹ ಹೆಚ್ಚಳವೇ ಇರುತ್ತಿರಲಿಲ್ಲ.

ಅದೇ ವರ್ಷಗಳಲ್ಲಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿ ನಡೆಸುತ್ತಿದ್ದನು. ಅವನಿಗೆ ಹಳಗನ್ನಡ ಶಾಸನಗಳನ್ನು ಓದಿಕೊಟ್ಟವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು. ಅಳತೆಯ ಡೇರೆಯಲ್ಲಿ ಕುಳಿತು ಶಾಸನ ಓದಿದ ಮಾತ್ರಕ್ಕೆ ಅವರ ಧರ್ಮಕ್ಕೆ ಕುಂದು ಬರಲಿಲ್ಲ. ಇಂದಿನ ನಮಗೆ ಈ ಅಂಜಿಕೆ ಏಕೆ?

ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನ ಎಂದು ಹೇಳಿ ನಮ್ಮ ಆಚಾರ್ಯರು ಸುಮ್ಮನಾಗಲಿಲ್ಲ. ಹತ್ತರ ವರ್ಗಮೂಲವನ್ನು ಹಿಡಿದು ಪರಿಧಿಯನ್ನು 3,16,227 ಯೋಜನ, 3 ಕ್ರೋಶ, 128 ಧನುಸ್ಸು, ಹದಿಮೂರೂವರೆ ಅಂಗುಲಕ್ಕೂ ಸ್ವಲ್ಪ ಹೆಚ್ಚು ಎಂದು ಗಣಿಸಿದರು. ಯೋಜನಗಳ ಲೆಕ್ಕವನ್ನು ಅಂಗುಲದವರೆಗೆ ತಂದು ನಿಲ್ಲಿಸಿದ ಆ ನಿಷ್ಠೆಯೇ ಕರಣಾನುಯೋಗದ ನಿಜವಾದ ಸಂಪತ್ತು. ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯರ ಪರಂಪರೆ ಅದು. ಲೋಕವರ್ಣನೆಯ ಗುರಿಯೂ ನಕಾಶೆಯಲ್ಲ. ಅಪಾರ ಲೋಕದಲ್ಲಿ ಜೀವ ಅಲೆದ ದಾರಿಯನ್ನು ನೆನೆಯುವ ಲೋಕಾನುಪ್ರೇಕ್ಷೆ. ಅದನ್ನು ಭೌತಶಾಸ್ತ್ರದ ಪಠ್ಯವೆಂದು ಸಾಧಿಸಹೊರಟವರು, ಆ ಗ್ರಂಥವನ್ನು ಅದು ಸೋಲಲೇಬೇಕಾದ ಕಟಕಟೆಗೆ ತಾವೇ ಎಳೆದು ತರುತ್ತಾರೆ.

ಕೆಲವರು ಕೊನೆಗೆ ಅನೇಕಾಂತದ ಮೊರೆ ಹೊಗುತ್ತಾರೆ: ಒಂದು ನಯದಿಂದ ಗೋಳ, ಇನ್ನೊಂದು ನಯದಿಂದ ಫಲಕ. ಇದು ಅನೇಕಾಂತವಲ್ಲ, ಅದರ ದುರುಪಯೋಗ. ನಯವೆಂದರೆ ವಸ್ತುವಿನ ಒಂದು ಮುಖವನ್ನು ಗ್ರಹಿಸುವ ದೃಷ್ಟಿ. ಅಳತೆಯಿಂದ ತಪ್ಪಿಸಿಕೊಳ್ಳುವ ರಿಯಾಯಿತಿ ಅಲ್ಲ. ಇಂದ್ರಿಯಜ್ಞಾನಕ್ಕೂ ಸಾಂವ್ಯವಹಾರಿಕ ಪ್ರತ್ಯಕ್ಷವೆಂಬ ಸ್ಥಾನವನ್ನು ನೆಲೆಗೊಳಿಸಿದ ಅಕಲಂಕದೇವರ ನಾಡಿನಲ್ಲಿ ಈ ಭೇದವನ್ನು ಮತ್ತೆ ಹೇಳಬೇಕಾಗಿ ಬಂದದ್ದು ವಿಷಾದದ ಸಂಗತಿ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ‘ತ್ರಿಲೋಕಸಾರ’ವನ್ನು ಓದಿ, ಪೆನ್ಸಿಲು ಹಿಡಿದು ಅದರ ಲೆಕ್ಕಗಳನ್ನು ಮಾಡಿ ನೋಡಿ. ಅನಂತರ ಸ್ವಚ್ಛ ಆಕಾಶವಿರುವ ರಾತ್ರಿ ಮನೆಯ ಮಾಳಿಗೆಗೆ ಹೋಗಿ ಧ್ರುವನಕ್ಷತ್ರದ ಎತ್ತರವನ್ನು ಅಳೆಯಿರಿ. ಎರಡೂ ಸ್ವಾಧ್ಯಾಯವೇ. ಒಂದನ್ನು ಉಳಿಸಲು ಇನ್ನೊಂದರ ಕಡೆ ಕಣ್ಣು ಮುಚ್ಚಬೇಕೆಂದು ನಮ್ಮ ಆಚಾರ್ಯರು ಕಲಿಸಲಿಲ್ಲ.